ಟೆಕ್ಸೋಮಾದಲ್ಲಿ ಅಣ್ಣನ ಪರೀಕ್ಷೆ

ಕಾಪೆಲ್

ಟೆಕ್ಸಾಸಿಗೆ ಹೋಗಿಬಂದವರು ಡಲ್ಲಾಸಿನ ಗಾಜಿನ ಕಟ್ಟಡಗಳನ್ನೂ ಹ್ಯೂಸ್ಟನ್ನಿನ ರಾಕೆಟ್ಟನ್ನೂ ಆಸ್ಟಿನ್ನಿನ ಸೇತುವೆ ಕೆಳಗಿನ ಬಾವಲಿಗಳನ್ನೂ ವರ್ಣಿಸುವುದು ವಾಡಿಕೆ. ನಾನು ಈ ಮೂರರಲ್ಲಿ ಒಂದನ್ನೂ ನೋಡಲಿಲ್ಲ. ಮೂರು ಊರಿನ ಮಣ್ಣನ್ನೂ ಮೆಟ್ಟಿದ್ದೇನೆ ಎಂಬುದಕ್ಕೆ ಸಾಕ್ಷಿಗಳಿದ್ದಾರೆ. ಆದರೆ ನಾನು ಅಷ್ಟು ದೂರ ಹಾರಿದ್ದು ಒಬ್ಬ ಡ್ರೈವರನ್ನು ಪರೀಕ್ಷಿಸಲಿಕ್ಕೆ. ಆ ಡ್ರೈವರು ನನ್ನ ಅಣ್ಣ.

ಮೂವತ್ತೊಂದು ವರ್ಷ ನಾನು ಮೋಟಾರು ವಾಹನ ಇನ್‌ಸ್ಪೆಕ್ಟರ್ ಆಗಿದ್ದೆ. ಮೈಸೂರು, ಮಂಡ್ಯ, ಹಾಸನ, ಮತ್ತೆ ಮೈಸೂರು. ಬೇವಿನ ಮರದ ಕೆಳಗೆ ಕಬ್ಬಿಣದ ಕುರ್ಚಿ ಹಾಕಿಕೊಂಡು ಪ್ರಜೆಗಳಿಂದ ಎಂಟು ಹಾಕಿಸುವುದು, ರಿವರ್ಸ್ ತೆಗೆಸುವುದು, ಕೊನೆಗೆ ಪಾಸ್ ಅಥವಾ ಫೇಲ್ ಎಂದು ಬರೆಯುವುದು ನನ್ನ ಕಾಯಕ. ದೊಡ್ಡವರೊಬ್ಬರ ಭಾವಮೈದುನನನ್ನು ಫೇಲ್ ಮಾಡಿ ಹಾಸನಕ್ಕೆ ಎತ್ತಂಗಡಿಯಾದವನು. ಕಟ್ಟಿಕೊಂಡ ಹೆಂಡತಿಯನ್ನೂ ಒಮ್ಮೆ ಫೇಲ್ ಮಾಡಿದ್ದೇನೆ. ಅವಳು ಆಮೇಲೆ ಆ ಮೈದಾನದ ಕಡೆ ತಿರುಗಿ ನೋಡಲಿಲ್ಲ, ಆಟೋಗಳಲ್ಲೇ ಆಯುಸ್ಸು ಮುಗಿಸಿದಳು. ಇದನ್ನೆಲ್ಲ ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಅಣ್ಣ ವೆಂಕಟೇಶನಿಗೆ ಎಪ್ಪತ್ತಮೂರು. ನಲವತ್ತು ವರ್ಷದಿಂದ ಟೆಕ್ಸಾಸಿನವನು, ಸೇತುವೆಗಳ ಎಂಜಿನಿಯರಾಗಿ ನಿವೃತ್ತನಾದವನು. ಮನೆ ಡಲ್ಲಾಸ್ ವಿಮಾನ ನಿಲ್ದಾಣದ ಮಗ್ಗುಲಿನ ಕಾಪೆಲ್‌ನಲ್ಲಿ. ಬೆಳಿಗ್ಗೆ ವಾಕಿಂಗ್ ಹೊರಟರೆ ಎದುರಿಗೆ ಸಿಗುವವರೆಲ್ಲ ಮಫ್ಲರ್ ಸುತ್ತಿಕೊಂಡ ನಮ್ಮವರೇ. ‘ಯಾವಾಗ ಬಂದ್ರಿ ಅಂಕಲ್, ಆರು ತಿಂಗಳಾ?’ ಎಂಬ ಒಂದೇ ಪ್ರಶ್ನೆಯನ್ನು ನಾಲ್ಕು ಭಾಷೆಯಲ್ಲಿ ಕೇಳುತ್ತಾರೆ. ಅಮೆರಿಕನ್ನರನ್ನು ನೋಡಬೇಕಾದರೆ ಕಾರು ಹತ್ತಿ ಹೊರಡಬೇಕು. ಕಾರು ಹತ್ತದೆ ಅಲ್ಲಿ ಏನನ್ನೂ ನೋಡಲಾಗುವುದಿಲ್ಲ. ಹಾಲು, ದೇವಸ್ಥಾನ, ಕ್ಷೌರದಂಗಡಿ, ಎಲ್ಲವೂ ಹೆದ್ದಾರಿಯ ಆಚೆ.

ಬಂದ ಎರಡನೆಯ ದಿನ ಅಣ್ಣ ಸ್ನಾನಕ್ಕೆ ಹೋಗಿದ್ದಾಗ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದರು. ಶಾಂತತ್ತಿಗೆ ಧಾರವಾಡದವರು. ನಲವತ್ತು ವರ್ಷದ ಅಮೆರಿಕ ಅವರ ಮಾತನ್ನು ಕೂದಲೆಳೆಯಷ್ಟೂ ಅಲುಗಿಸಿಲ್ಲ.

“ನೋಡ್ರಿ ಗೋಪಾಲ್, ನಿಮ್ಮನ್ನ ಕರಸಿದ್ದು ಬರೇ ಊರು ತೋರ್ಸಾಕಲ್ಲ. ಇವರಿಗೆ ಮರವು ಶುರುವಾಗೇದ. ಡಾಕ್ಟರ್ ಏನೋ ಹೆಸರು ಹೇಳಿದ್ರು. ಮಗಳು ಸ್ಮಿತಾ, ಗಾಡಿ ಕೀಲಿ ಕಸ್ಕೋ ಅಮ್ಮಾ ಅಂತಾಳ. ನಾ ಹೆಂಗ ಕಸ್ಕೊಳ್ಳಿ? ಕೀಲಿ ಹೋದ್ರ ಈ ಊರಾಗ ಮನಷ್ಯಾ ಮನ್ಯಾಗಿನ ಗ್ವಾಡಿ ಇದ್ಹಂಗ.”

“ಡಾಕ್ಟರೇ ಹೇಳಿದ ಮೇಲೆ ನಾನೇನು ಹೇಳಲಿ ಅತ್ತಿಗೆ?”

“ಡಾಕ್ಟರ್ ಗಾಡಿ ಬಗ್ಗೆ ಏನೂ ಅಂದಿಲ್ರಿ. ಇನ್ನಾ ಶುರುವಾತು, ಮನಿಯವರೇ ನೋಡ್ಕೊಂಡು ನಿರ್ಧಾರ ಮಾಡ್ರಿ ಅಂದ್ರು. ನೀವು ಜೀವನಪೂರ್ತಿ ಇದನ್ನ ಮಾಡಿದವ್ರು. ನಾಳೆ ಮೀನಿಗಂತ ಕೆರಿಗೆ ಹೊಂಟಾರ. ನೀವೂ ಹೋಗ್ರಿ. ನೋಡ್ಕೊಂಡು ಬಂದು ಖರೇ ಹೇಳ್ರಿ. ನೀವು ಬ್ಯಾಡ ಅಂದ್ರ ಅವತ್ತಿಂದ ಬ್ಯಾಡ.”

ಮೀನಿನ ವಿಷಯ ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮದು ಬೆಳ್ಳುಳ್ಳಿ ಹಾಕಲೂ ಹಿಂದೆ ಮುಂದೆ ನೋಡುವ ಮನೆ. ಆ ಮನೆಯಲ್ಲಿ ಹುಟ್ಟಿದ ಅಣ್ಣ ಇಪ್ಪತ್ತೆರಡು ವರ್ಷದಿಂದ ಗಾಳ ಹಾಕುತ್ತಿದ್ದಾನೆ. ಹಿಡಿಯುತ್ತಾನೆ, ಮುಖ ನೋಡುತ್ತಾನೆ, ನೀರಿಗೆ ಬಿಡುತ್ತಾನೆ. ಇಷ್ಟು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಮೀನೂ ಸತ್ತಿಲ್ಲವೆಂಬುದು ಮನೆತನದ ಕೀರ್ತಿ. ವಾಪಸು ಬಂದಮೇಲೆ ಗ್ಯಾರೇಜಿನ ನಲ್ಲಿಯಲ್ಲಿ ತಲೆಗೆ ನೀರು ಸುರಿದುಕೊಂಡು, ಅತ್ತಿಗೆ ಅದಕ್ಕಾಗಿಯೇ ಮೀಸಲಿಟ್ಟ ಹಳದಿ ಟವೆಲ್ಲಿನಲ್ಲಿ ಒರೆಸಿಕೊಂಡು ಒಳಗೆ ಬರಬೇಕು. ತಿನ್ನದವನು ಯಾಕೆ ಹಿಡಿಯುತ್ತೀಯ ಎಂದು ಫೋನಿನಲ್ಲೊಮ್ಮೆ ಕೇಳಿದ್ದೆ.

“ನೀನು ಮೂವತ್ತು ವರ್ಷ ಜನಾನ ಫೇಲ್ ಮಾಡ್ದೆ. ಅವ್ರನ್ನ ತಿಂದ್ಯೇನೋ?” ಎಂದಿದ್ದ.

ಹೆದ್ದಾರಿ

ಬೆಳಿಗ್ಗೆ ಏಳಕ್ಕೆ ಹೊರಟೆವು. ಮುಂದೆ ಟ್ರಕ್ಕು, ಅದರ ಬಾಲಕ್ಕೆ ಟ್ರೇಲರು, ಟ್ರೇಲರಿನ ಮೇಲೆ ದೋಣಿ. ನಮ್ಮಲ್ಲಿ ಇಷ್ಟುದ್ದದ ವಾಹನ ಓಡಿಸುವವನಿಗೆ ಒಬ್ಬ ಕ್ಲೀನರ್ ಇರುತ್ತಾನೆ. ಇಲ್ಲಿ ಇದ್ದದ್ದು ನಾನು. ನಮ್ಮೂರಿನಲ್ಲಿ ಡ್ರೈವರ್ ಕೂರುವ ಜಾಗದಲ್ಲಿ ಸ್ಟಿಯರಿಂಗ್ ಇಲ್ಲದೆ ಕೂತು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಾ ಪರೀಕ್ಷಾಕಾರ್ಯವನ್ನು ಆರಂಭಿಸಿದೆ.

ಕಾಪೆಲ್‌ನ ನಾಲ್ಕು ರಸ್ತೆ ಕೂಡುವಲ್ಲಿ ಸಿಗ್ನಲ್ಲಿಲ್ಲ, ಪೊಲೀಸನಿಲ್ಲ. ನಾಲ್ಕೂ ಕಡೆಯವರು ನಿಂತು, ಮೊದಲು ಬಂದವನು ಮೊದಲು ಹೋಗಲಿ ಎಂದು ಕಾಯುತ್ತಾರೆ. ನಮ್ಮಲ್ಲಾದರೆ ನಾಲ್ವರೂ ಒಟ್ಟಿಗೆ ನುಗ್ಗಿ, ಮಧ್ಯದಲ್ಲಿ ಇಳಿದು ಪರಸ್ಪರರ ವಂಶವನ್ನು ವಿಚಾರಿಸಿಕೊಳ್ಳುತ್ತೇವೆ. ಅಣ್ಣ ನಿಂತ, ಸರದಿ ನೋಡಿದ, ಹೊರಟ. ಹೆದ್ದಾರಿಯಲ್ಲಿ ಕನ್ನಡಿ ನೋಡಿ ಸಾಲು ಬದಲಿಸಿದ. ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಉತ್ತಮ.

ಸ್ವಲ್ಪ ದೂರ ಹೋದಮೇಲೆ ಅವನೇ ಫೋನಿನ ಮ್ಯಾಪನ್ನು ತೋರಿಸಿ, “ಇಪ್ಪತ್ತೆರಡು ವರ್ಷ ಇದೇ ರೋಡು. ಮೊದ್ಲು ಇದು ಬೇಕಿರ್ಲಿಲ್ಲ ಕಣೋ,” ಎಂದ.

“ಈಗ ಎಲ್ಲರೂ ಹಾಕ್ಕೋತಾರಲ್ಲ ಅಣ್ಣ. ಪಕ್ಕದ ಬೀದಿ ತರಕಾರಿ ಅಂಗಡಿಗೂ ಹಾಕ್ಕೋತಾರೆ.”

ಅವನು ನನ್ನ ಕಡೆ ಒಂದು ಸಲ ನೋಡಿ ಮತ್ತೆ ರಸ್ತೆ ನೋಡಿದ. ಪರೀಕ್ಷಾರ್ಥಿಯ ಪರವಾಗಿ ಪರೀಕ್ಷಕನೇ ಉತ್ತರ ಹೇಳಿದ್ದು ನನ್ನ ಸರ್ವೀಸಿನಲ್ಲಿ ಅದೇ ಮೊದಲು.

ಟೆಕ್ಸೋಮಾ

ಟೆಕ್ಸೋಮಾ ಎಂಬ ಸರೋವರದೊಳಗೆ ನಮ್ಮ ಕನ್ನಂಬಾಡಿಯನ್ನು ಎರಡು ಸಲ ಸುರಿದರೂ ಜಾಗ ಉಳಿದೀತು. ಈಚೆ ದಡ ಟೆಕ್ಸಾಸು, ಆಚೆ ದಡ ಒಕ್ಲಹೋಮಾ. ಎರಡು ರಾಜ್ಯಗಳ ನಡುವೆ ಇಷ್ಟು ನೀರು ನಿಂತಿದ್ದರೂ ದಡದಲ್ಲಿ ಒಬ್ಬ ಚಳವಳಿಗಾರನಿಲ್ಲ, ಒಂದು ಪೊಲೀಸ್ ವ್ಯಾನಿಲ್ಲ. ಮಂಡ್ಯದಲ್ಲಿ ಆರು ವರ್ಷ ನೌಕರಿ ಮಾಡಿದವನಿಗೆ ಇದನ್ನು ನಂಬುವುದು ಕಷ್ಟ.

ಫೆಬ್ರವರಿ ಮುಗಿಯುತ್ತಿತ್ತು. ಉತ್ತರದ ಗಾಳಿ ಕಿವಿಯನ್ನು ಹಿಡಿದು ತಿರುಚುತ್ತಿತ್ತು. ಮೀನಿನ ಋತು ಆಗ ತಾನೇ ಕಣ್ಣು ಬಿಡುವ ಕಾಲವಂತೆ. ಅಣ್ಣನ ಮೀನಿನ ಹೆಸರು ಸ್ಮಾಲ್‌ಮೌತ್ ಬಾಸ್. ಚಳಿ ನೀರು, ಕಲ್ಲು ದಡ ಇದಕ್ಕೆ ಪ್ರೀತಿ. ಆಳದಲ್ಲಿ ಚಳಿಗಾಲ ಕಳೆದು, ಮೊಟ್ಟೆಯಿಡುವ ಮುಂಚೆ ಬಂಡೆಗಳ ಹತ್ತಿರ ಮೆಲ್ಲಗೆ ಮೇಲೆ ಬರುತ್ತದೆ. ಇದಕ್ಕೋಸ್ಕರ ವೃದ್ಧರು ನಡುಗುತ್ತಾ ನೀರಿಗಿಳಿಯುತ್ತಾರೆ.

ದೋಣಿ ನೀರಿಗಿಳಿಸುವ ಕಾಂಕ್ರೀಟಿನ ಇಳಿಜಾರಿನಲ್ಲಿ ಟ್ರೇಲರನ್ನು ಹಿಮ್ಮುಖವಾಗಿ ಇಳಿಸಬೇಕು. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಬೇಕು. ನನ್ನ ಮೈದಾನದಲ್ಲಿ ಬರಿಯ ಕಾರನ್ನೇ ನೆಟ್ಟಗೆ ಹಿಂದೆ ತೆಗೆಯಲಾರದೆ ಕಂಬಗಳಿಗೆ ಗುದ್ದಿದವರು ಸಾವಿರಾರು. ಅಣ್ಣ ಒಂದೇ ಏಟಿಗೆ, ದಾರ ಎಳೆದ ಹಾಗೆ ಇಳಿಸಿದ. ನನಗೆ ಎದ್ದುನಿಂತು ಸೆಲ್ಯೂಟ್ ಹೊಡೆಯುವಂತಾಯಿತು.

ದೋಣಿ ಐವತ್ತು ಅಡಿ ಹೋಗಿರಬಹುದು. ನನ್ನ ಕಾಲುಚೀಲ ತಣ್ಣಗಾಯಿತು. ಬಗ್ಗಿ ನೋಡಿದರೆ ಬೂಟು ಮುಳುಗುವಷ್ಟು ನೀರು.

“ಅಣ್ಣ, ಒಳಗೆ ನೀರು ಬರ್ತಾ ಇದೆ!”

ಅವನು ಒಂದು ಕ್ಷಣ ನೀರನ್ನೂ ನನ್ನನ್ನೂ ನೋಡಿದ. ಆಮೇಲೆ ಹಿಂಬದಿಗೆ ಹೋಗಿ, ನೀರಿನೊಳಗೆ ಮೊಣಕೈವರೆಗೆ ಕೈಯಿಳಿಸಿ, ಜೇಬಿನಿಂದ ತೆಗೆದ ಹಿತ್ತಾಳೆಯ ಬಿರಡೆಯೊಂದನ್ನು ತಿರುಗಿಸಿ ಕೂರಿಸಿದ. ಮನೆಯಲ್ಲಿ ದೋಣಿಯ ಮಳೆನೀರು ಹರಿದುಹೋಗಲೆಂದು ತಳದಲ್ಲೊಂದು ತೂತು ಇರುತ್ತದೆ. ನೀರಿಗಿಳಿಸುವ ಮೊದಲು ಅದನ್ನು ಮುಚ್ಚಬೇಕು. ಪಕ್ಕದ ದೋಣಿಯ ಬಿಳಿ ಗಡ್ಡದ ಮುದುಕನೊಬ್ಬ ಇದನ್ನು ನೋಡಿ, ಎಲ್ಲರೂ ಒಂದಲ್ಲ ಒಂದು ದಿನ ಮಾಡುವುದೇ, ನಾನೂ ಮಾಡಿದ್ದೇನೆ ಎಂದು ಇಂಗ್ಲಿಷಿನಲ್ಲಿ ಕೂಗಿ ನಕ್ಕ. ಅಣ್ಣ ಅವನಿಗೆ ಕೈಯೆತ್ತಿದ. ನನಗೆ ಮಾತ್ರ ಕೇಳುವ ಹಾಗೆ ಹೇಳಿದ.

“ಈ ವರ್ಷ ಮೂರನೇ ಸಲ.”

ನಾನು ನೀರು ಹೊರಹಾಕುವ ಪಂಪಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ ಕೂತೆ.

ಕಲ್ಲುಬಂಡೆಗಳ ಮೂಲೆಯೊಂದರಲ್ಲಿ ದೋಣಿ ನಿಂತಿತು. ಬೆರಳುದ್ದದ ಪ್ಲಾಸ್ಟಿಕ್ ಮೀನೊಂದನ್ನು ದಾರಕ್ಕೆ ಕಟ್ಟಿ ಎಸೆದ. ಗಂಟು ಒಂದೇ ಸಲಕ್ಕೆ ಬಿಗಿಯಾಗಿ ಬಿತ್ತು.

“ಚಳೀಲಿ ಮೀನಿಗೆ ಆತುರ ಇರಲ್ಲ ಗೋಪಿ. ಎರಡು ಸಲ ಜಗ್ಗಬೇಕು, ಆಮೇಲೆ ಅಲ್ಲಾಡಿಸ್ದೆ ಹದಿನೈದರವರೆಗೆ ಎಣಿಸ್ಬೇಕು. ಅದರ ಮೂತಿ ಮುಂದೇನೇ ನಿಂತಿರತ್ತೆ. ಕೊನೇಗೆ ತಡೀಲಾರ್ದೆ ಬಾಯಿ ಹಾಕತ್ತೆ.”

ಎಣಿಸತೊಡಗಿದ. ಒಂದು, ಎರಡು, ಮೂರು. ನಲವತ್ತು ವರ್ಷ ಇಂಗ್ಲಿಷಿನಲ್ಲಿ ಸೇತುವೆ ಅಳೆದವನು ಮೀನಿಗೆ ಎಣಿಸುವುದು ಕನ್ನಡದಲ್ಲಿ. ಏಳು, ಎಂಟು, ಒಂಬತ್ತು. ನಿಲ್ಲಿಸಿದ. ತುಟಿ ಮಾತ್ರ ಅಲುಗುತ್ತಿತ್ತು. ನೀರನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಮತ್ತೆ ಒಂದು, ಎರಡು, ಮೂರು. ಐದಕ್ಕೆ ಬಂದಾಗ ಗಾಳದ ಕೋಲು ಬಿಲ್ಲಾಯಿತು.

ಕಂಚಿನ ಬಣ್ಣದ ಮೀನು. ಮೈಮೇಲೆ ಅಡ್ಡಡ್ಡ ಕಪ್ಪು ಪಟ್ಟೆ, ಕೆಂಪು ಕಣ್ಣು. ಎರಡು ಸಲ ನೀರಿನ ಮೇಲಕ್ಕೆ ಹಾರಿ ನಮ್ಮಿಬ್ಬರಿಗೂ ತನ್ನ ಅಭಿಪ್ರಾಯ ತಿಳಿಸಿತು. ಅಣ್ಣ ಎರಡು ಕೈಯಲ್ಲಿ ಹಿಡಿದು, ಮಗುವಿನ ಜ್ವರ ನೋಡುವ ಹಾಗೆ ಹೊಟ್ಟೆ ಮುಟ್ಟಿ ನೀರಿಗೆ ಬಿಟ್ಟ.

ಬೆಳಗಿನ ಹತ್ತರೊಳಗೆ ಎರಡು ಬಿದ್ದವು. ಸ್ವಲ್ಪ ದೂರದಲ್ಲಿ ಅದೇ ಬಿಳಿ ಗಡ್ಡದವನು ಅದೇ ಬಣ್ಣದ ಪ್ಲಾಸ್ಟಿಕ್ ಮೀನು ಎಸೆಯುತ್ತಿದ್ದ, ಒಂದೂ ಇಲ್ಲ. ಏನು ನಿನ್ನ ಗುಟ್ಟು ಎಂದು ಕೂಗಿ ಕೇಳಿದ. ಗುಟ್ಟು ನನಗೆ ಅಷ್ಟು ಹೊತ್ತಿಗೆ ತಿಳಿದುಹೋಗಿತ್ತು. ಅವನು ಹದಿನೈದರವರೆಗೆ ಸರಿಯಾಗಿ ಎಣಿಸುತ್ತಿದ್ದ. ಅಣ್ಣ ಪ್ರತಿಸಲವೂ ಎಂಟಕ್ಕೋ ಒಂಬತ್ತಕ್ಕೋ ಲೆಕ್ಕ ಕಳೆದುಕೊಂಡು ಮೊದಲಿಂದ ಶುರು ಮಾಡುತ್ತಿದ್ದ. ಆ ಚಳಿಯಲ್ಲಿ ಮೀನುಗಳಿಗೆ ಬೇಕಾಗಿದ್ದದ್ದು ಆ ಹೆಚ್ಚಿನ ತಡವೇ. ಅಣ್ಣನ ತಲೆಯೊಳಗೆ ಏನೋ ಕಡಿದುಹೋಗುತ್ತಿತ್ತು, ಹೊರಗೆ ಮೀನು ಬೀಳುತ್ತಿತ್ತು. ನಾನು ಇದನ್ನು ಕೌಶಲದ ಖಾತೆಗೆ ಬರೆದುಕೊಂಡೆ.

ಮೂರನೆಯದು ದೊಡ್ಡದು. “ಬಿಸಿಲು ಬರಲಿ, ಶಾಂತಂಗೆ ಒಂದು ಫೋಟೋ,” ಎಂದು ಅದನ್ನು ದೋಣಿಯೊಳಗಿನ ಪುಟ್ಟ ನೀರಿನ ತೊಟ್ಟಿಗೆ ಹಾಕಿ ಮುಚ್ಚಿದ. ಬಿಸಿಲು ಬಂತು. ಅಣ್ಣ ಥರ್ಮಾಸಿನಿಂದ ಕಾಫಿ ಬಗ್ಗಿಸಿದ, ಅತ್ತಿಗೆ ಕಟ್ಟಿಕೊಟ್ಟ ಚಪಾತಿ ಬಿಚ್ಚಿದ, ಮೈಸೂರಿನ ಸುದ್ದಿ ಕೇಳಿದ. ಮಧ್ಯಾಹ್ನ “ಹೊರಡೋಣ್ವಾ?” ಎಂದು ಗಾಳಗಳನ್ನು ಕಟ್ಟಿಟ್ಟ.

“ಅಣ್ಣ, ಇವತ್ತು ಎಷ್ಟು ಹಿಡಿದೆ?”

“ಎರಡು,” ಎಂದ. ಏನೂ ಅನುಮಾನವಿಲ್ಲದ ದನಿ.

ಅವನು ದೋಣಿಯ ಮುಂಭಾಗದಲ್ಲಿ ಬೆನ್ನು ಹಾಕಿ ನಿಂತಿದ್ದಾಗ ನಾನು ತೊಟ್ಟಿಯ ಮುಚ್ಚಳ ತೆಗೆದು, ಹುಟ್ಟಿದಾರಭ್ಯ ಮೊದಲ ಬಾರಿಗೆ ಒಂದು ಮೀನನ್ನು ಮುಟ್ಟಿ, ಸದ್ದಾಗದಂತೆ ನೀರಿಗೆ ಬಿಟ್ಟೆ. ಪರೀಕ್ಷಾರ್ಥಿ ಗುದ್ದಿ ಬೀಳಿಸಿದ ಕಂಬವನ್ನು ಪರೀಕ್ಷಕನೇ ಎದ್ದುಹೋಗಿ ನಿಲ್ಲಿಸಿ ಬಂದ ಹಾಗಾಯಿತು. ನನ್ನ ಕೈಕೆಳಗಿನವರು ಯಾರಾದರೂ ಹೀಗೆ ಮಾಡಿದ್ದರೆ ಸಸ್ಪೆಂಡ್ ಮಾಡಿಸುತ್ತಿದ್ದೆ.

ಮತ್ತೆ ಕಾಪೆಲ್

ಅಣ್ಣ ಗ್ಯಾರೇಜಿನಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದ. ಅತ್ತಿಗೆ ಲಟ್ಟಣಿಗೆ ಕೈಯಲ್ಲೇ ಹಿಡಿದು ನಿಂತಿದ್ದರು.

“ಏನಾತ್ರಿ?”

“ನನಗಿಂತ ಚೆನ್ನಾಗಿ ಓಡಿಸ್ತಾನೆ.”

“ಖರೇನ?”

“ಅಂಥಾ ರಿವರ್ಸು ನನ್ನ ಸರ್ವೀಸಲ್ಲೇ ನೋಡಿಲ್ಲ ಅತ್ತಿಗೆ.”

ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸುಳ್ಳು ಹೇಳುವುದರಲ್ಲಿ ಇದೇ ಅತ್ಯಂತ ನಾಜೂಕಾದ ಪದ್ಧತಿ. ಅತ್ತಿಗೆ ಲಟ್ಟಣಿಗೆ ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, “ನೀವು ಅಂದ್ರ ಮುಗೀತು ಬಿಡ್ರಿ,” ಎಂದರು. ಆ ದಿನ ನನಗೆ ಎರಡು ಹೋಳಿಗೆ ಜಾಸ್ತಿ ಬಡಿಸಿದರು. ನಾನು ತಿಂದೆ ಕೂಡ.

ಶುಗರ್ ಲ್ಯಾಂಡ್

ನಾಲ್ಕು ದಿನ ಕಳೆದು ಅಣ್ಣನ ಮಗಳು ಸ್ಮಿತಾ ಬಂದು ನನ್ನನ್ನು ಹ್ಯೂಸ್ಟನ್ ಮಗ್ಗುಲಿನ ಶುಗರ್ ಲ್ಯಾಂಡಿನ ತನ್ನ ಮನೆಗೆ ಕರೆದೊಯ್ದಳು. ಸ್ಮಿತಾ ಮಕ್ಕಳ ಡಾಕ್ಟರು. ಕನ್ನಡ ಎಲ್ಲ ಅರ್ಥವಾಗುತ್ತದೆ, ಸಿಟ್ಟು ಬಂದಾಗ ಮಾತ್ರ ಇಂಗ್ಲಿಷಿಗೆ ಹೋಗುತ್ತಾಳೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲೇ ಇದ್ದಳು.

“ಚಿಕ್ಕಪ್ಪಾ, ಆರ್ ಯು ಶೂರ್? ಹಂಡ್ರೆಡ್ ಪರ್ಸೆಂಟ್?”

“ನಮ್ಮಲ್ಲಿ ಪರ್ಸೆಂಟ್ ಇಲ್ಲಮ್ಮ. ಪಾಸು ಫೇಲು ಎರಡೇ.”

ಅವಳ ಬೀದಿಯ ಮನೆಗಳು ಒಂದೇ ಅಚ್ಚಿನಲ್ಲಿ ಹೊಯ್ದವು. ಸಂಜೆ ವಾಕಿಂಗ್ ಹೋಗಿ ಬಂದು ಪಕ್ಕದ ಮನೆಯ ಬಾಗಿಲಿನಲ್ಲಿ ಬಹಳ ಹೊತ್ತು ಚಪ್ಪಲಿ ಬಿಟ್ಟುಕೊಂಡು ನಿಂತಿದ್ದೆ. ನಿಜವಾದ ಮನೆಯವರು ಬಂದು ವಿಚಾರಿಸಿದ ಮೇಲೆ ಇಬ್ಬರೂ ನಕ್ಕೆವು. ನನಗೆ ಅದು ನಗು ಅನ್ನಿಸಿತು. ಅಣ್ಣನಿಗಾದರೆ ಅದಕ್ಕೆ ಡಾಕ್ಟರು ಒಂದು ಹೆಸರು ಕೊಟ್ಟಿದ್ದಾರೆ.

ಮಾರನೆಯ ಬೆಳಿಗ್ಗೆ ಹತ್ತೂವರೆಗೆ ಅತ್ತಿಗೆಯ ಫೋನು. ಆರೂವರೆಗೇ ದೋಣಿ ಕಟ್ಟಿಕೊಂಡು ಕೆರೆಗೆಂದು ಹೋದವರು, ಎಂಟಕ್ಕೆ ಮುಟ್ಟಿದೆನೆಂದು ಫೋನ್ ಮಾಡಬೇಕಾಗಿತ್ತು, ಮಾಡಿಲ್ಲ, ಎತ್ತುತ್ತಲೂ ಇಲ್ಲ. “ನೀವು ಹೇಳಿದ್ರೆಂತ ಒಬ್ಬರನ್ನೇ ಕಳಿಸಿದ್ನಲ್ರಿ,” ಎಂದರು. ಬೈಗುಳವಲ್ಲ, ಬರಿಯ ವರದಿ.

ಅರ್ಧ ಗಂಟೆಗೆ ಅಣ್ಣನ ನಂಬರಿನಿಂದಲೇ ಸ್ಮಿತಾಳಿಗೆ ಫೋನು ಬಂತು. ದನಿ ಬೇರೆ. ಆಸ್ಟಿನ್ನಿನ ಅಂಚಿನ ಪೆಟ್ರೋಲ್ ಬಂಕೊಂದರ ಕೌಂಟರಿನವನು, ನಮ್ಮ ದೇಶದವನೇ, ಹಿಂದಿಯಲ್ಲಿ ಹೇಳಿದ. “ಅಂಕಲ್ ಯಹಾಂ ಬೈಠೇ ಹೈಂ.” ಕೆರೆ ಎಲ್ಲಿ, ಕೆರೆ ಎಲ್ಲಿ ಎಂದು ಕೇಳುತ್ತಾ ಇಲ್ಲೇ ಕೂತಿದ್ದಾರೆ ಎಂದ. ಉತ್ತರಕ್ಕೆ ಒಂದೂವರೆ ಗಂಟೆ ಹೋಗಬೇಕಾಗಿದ್ದವನು ಮ್ಯಾಪ್ ಹಾಕಿಕೊಳ್ಳಲು ಮರೆತು ದಕ್ಷಿಣಕ್ಕೆ ಮೂರೂವರೆ ಗಂಟೆ ಹೋಗಿದ್ದ.

ಆಸ್ಟಿನ್

ಸ್ಮಿತಾ ಎಷ್ಟು ವೇಗವಾಗಿ ಓಡಿಸಿದಳೆಂದು ಬರೆಯುವುದಿಲ್ಲ. ನಾನು ನೋಡಲೂ ಇಲ್ಲ.

ಬಂಕಿನ ಪಕ್ಕದಲ್ಲಿ ಟ್ರಕ್ಕು ಅಡ್ಡಾದಿಡ್ಡಿ ನಿಂತಿತ್ತು. ಟ್ರೇಲರಿನ ಬಲಗಡೆಯ ದೀಪ ಒಡೆದಿತ್ತು, ದೋಣಿಯ ಮೈ ಒಂದು ಮಾರಿನಷ್ಟು ಸೀಳಿತ್ತು. ಸ್ಮಿತಾ ಅಪ್ಪನ ಹತ್ತಿರ ಓಡಿದಳು. ನಾನು ಹೋಗಲಿಲ್ಲ. ಅಪಘಾತದ ವಾಹನಗಳನ್ನು ಪರಿಶೀಲಿಸುವುದೂ ನನ್ನ ಕಾಯಕವಾಗಿತ್ತು. ನೆಲಕ್ಕೆ ಮಂಡಿಯೂರಿ, ಚಕ್ರದ ಸಂದಿ, ಕಮಾನು, ಸೀಳಿನ ಅಂಚು, ಒಂದೊಂದನ್ನೂ ಕೈಯಿಂದ ತಡವಿದೆ. ಬಟ್ಟೆ ಇದೆಯೇ. ಕೂದಲು ಇದೆಯೇ. ರಕ್ತವಾದರೆ ಯಾವ ಬಣ್ಣಕ್ಕೆ ಒಣಗಿರುತ್ತದೆಂದು ನನಗೆ ಗೊತ್ತು. ಸಿಕ್ಕಿದ್ದು ಮರದ ಸಿಬಿರು, ಬಿಳಿ ಬಣ್ಣದ ಹಕ್ಕಳೆ, ಒಂದು ಬಾಗಿದ ಮೊಳೆ. ಗುದ್ದಿದ್ದು ಯಾರದೋ ಮನೆಯ ಮುಂದಿನ ಅಂಚೆಪೆಟ್ಟಿಗೆಯ ಕಂಬಕ್ಕೆ. ಎಲ್ಲಿ ಗುದ್ದಿತೆಂದು ಅಣ್ಣನಿಗೆ ಗೊತ್ತಿರಲಿಲ್ಲ. ಗುದ್ದಿದ್ದೇ ಗೊತ್ತಿರಲಿಲ್ಲ. ಸ್ಮಿತಾ ಪೊಲೀಸರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು.

ಅಣ್ಣ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡೇ ಕೂತಿದ್ದ. ಕೌಂಟರಿನವನು ಕೊಟ್ಟ ಚಹಾ ಕೈಯಲ್ಲಿ ಆರಿಹೋಗಿತ್ತು. ನನ್ನನ್ನು ನೋಡಿ, “ಬಂದ್ಯಾ ಗೋಪಿ. ನೀರೇ ಕಾಣಿಸ್ಲಿಲ್ಲ ಕಣೋ,” ಎಂದ.

ಟ್ರಕ್ಕನ್ನೂ ದೋಣಿಯನ್ನೂ ಅಲ್ಲೇ ಬಿಟ್ಟೆವು. ಸ್ಮಿತಾ ತನ್ನ ಕಾರು ಡಲ್ಲಾಸಿನ ಕಡೆ ತಿರುಗಿಸಿದಳು. ಅಣ್ಣನೂ ನಾನೂ ಹಿಂದೆ ಕೂತೆವು. ಊರು ದಾಟಿದ ಮೇಲೆ ಅವನು ಮಾತಾಡಿದ. ದನಿ ಸ್ವಚ್ಛವಾಗಿತ್ತು, ಹಳೆಯ ಅಣ್ಣನದು.

“ಗೋಪಿ, ಅವತ್ತು ಶಾಂತಂಗೆ ಏನಂತ ಹೇಳ್ದೆ?”

“ಯಾವತ್ತು ಅಣ್ಣ?”

“ಆಟ ಆಡ್ಬೇಡ. ನೀನು ಯಾಕೆ ದೋಣಿ ಹತ್ತಿದ್ದೆ ಅಂತ ನಂಗೊತ್ತಿಲ್ವಾ? ಗೋಪೀನ ಕರ್ಸು ಅಂತ ಶಾಂತಂಗೆ ಹೇಳಿದ್ದೇ ನಾನು. ಹೆಂಡ್ತಿ ಅಳ್ತಾಳೆ, ಮಗಳು ಬೈತಾಳೆ. ನಂಗೆ ನಾನೇ ಕಾಣಿಸ್ತಿಲ್ಲ. ಯಾರ ಮಾತು ನಂಬ್ಲಿ? ನೀನು ಮುಖ ನೋಡಿ ಬರೆಯೋನಲ್ಲ, ನೀನು ಹೇಳಿದ್ರೆ ಕೀಲಿ ಕೊಟ್ಬಿಡೋದು ಅಂತಿದ್ದೆ. ಏನ್ ಬರೆದೆ?”

ಸ್ಮಿತಾ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

“ಪಾಸು ಅಂದೆ.”

ಅಣ್ಣ ನನ್ನ ಮುಖವನ್ನೇ ನೋಡುತ್ತಾ ಕೂತ. ಸಿಟ್ಟಿರಲಿಲ್ಲ. ನಂಬಿದ್ದ ಸೇತುವೆಯೊಂದು ಕುಸಿದ ಸುದ್ದಿ ಕೇಳಿದ ಎಂಜಿನಿಯರನ ಮುಖ ಅದು.

“ಈಗ ಹೇಳು,” ಎಂದ.

“ಫೇಲು.”

ಕಿಟಕಿಯ ಕಡೆ ತಿರುಗಿದ. ಹೊರಗೆ ಬಟಾಬಯಲು, ತಂತಿಬೇಲಿ, ದನಗಳು. ಬಹಳ ಹೊತ್ತಾದ ಮೇಲೆ “ಸರಿ” ಎಂದ. ಲೈಫ್ ಜಾಕೆಟ್ಟಿನ ಜೇಬಿನಿಂದ ಕೀಲಿ ತೆಗೆದು ಸೀಟಿನ ಮೇಲೆ ನಮ್ಮಿಬ್ಬರ ನಡುವೆ ಇಟ್ಟ. ನಾನು ಎತ್ತಿಟ್ಟುಕೊಂಡೆ.

ನಲವತ್ತು ಮೈಲಿ ಕಳೆದಿರಬಹುದು.

“ಗೋಪಿ, ಅವತ್ತು ಶಾಂತಂಗೆ ಏನಂತ ಹೇಳ್ದೆ?”

ನಾನು ಹೇಳಿದೆ. ಅವನು ಮತ್ತೆ ಕಿಟಕಿಯ ಕಡೆ ತಿರುಗಿದ, ಮತ್ತೆ ಅಷ್ಟೇ ಹೊತ್ತು, ಮೊದಲ ಸಲ ಕೇಳಿದವನ ಹಾಗೆ. ಮತ್ತೆ “ಸರಿ” ಎಂದ. ಜೇಬು ತಡವಿಕೊಂಡ.

ಮೂರನೆಯ ಸಲ ಆದಮೇಲೆ ಅವನಿಗೆ ಜೋಂಪು ಹತ್ತಿತು. ಸ್ಮಿತಾ ಹಿಂದಕ್ಕೆ ತಿರುಗದೆ, ಸಣ್ಣ ದನಿಯಲ್ಲಿ, ಅಚ್ಚ ಕನ್ನಡದಲ್ಲಿ ಹೇಳಿದಳು. “ಚಿಕ್ಕಪ್ಪ, ಇನ್ನೊಂದ್ಸಲ ಕೇಳಿದ್ರೆ ಪಾಸು ಅಂದ್ಬಿಡಿ. ಹೇಗಿದ್ರೂ ನೆನಪಿರಲ್ಲ.”

ಕಾಪೆಲ್ ಹತ್ತಿರವಾಗುವಾಗ ವಿಮಾನಗಳು ತಗ್ಗಿನಲ್ಲಿ ಹಾರತೊಡಗಿದವು. ಸದ್ದಿಗೆ ಅಣ್ಣ ಎಚ್ಚರವಾಗಿ, ಸುತ್ತ ನೋಡಿ, ನನ್ನ ಮೊಣಕೈ ಹಿಡಿದ.

“ಗೋಪಿ, ನೀನು ಸುಳ್ಳು ಹೇಳಲ್ಲ. ಶಾಂತಂಗೆ ಏನಂತ ಹೇಳ್ದೆ?”

“ಫೇಲು ಅಣ್ಣ,” ಎಂದೆ.